ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯ ನಂತರದ ಜೀವನದ ಗುಣಮಟ್ಟ ಮತ್ತು ಜನಾಂಗೀಯ ವ್ಯತ್ಯಾಸಗಳು

ಪ್ರಾಸ್ಟೇಟ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಪುರುಷನು ಮೂತ್ರದ ಹತೋಟಿ, ಲೈಂಗಿಕ ಸಾಮರ್ಥ್ಯ, ಮಲವಿಸರ್ಜನೆ, ದೇಹಬಲ, ದುಡಿಮೆ ಮತ್ತು ಮನಸ್ಸಿನ ನೆಮ್ಮದಿ ಇವುಗಳಲ್ಲಿ ಎಷ್ಟನ್ನು ಉಳಿಸಿಕೊಂಡು ಬಾಳುತ್ತಾನೆ ಎಂಬುದನ್ನು ವೈದ್ಯಶಾಸ್ತ್ರವು ಚಿಕಿತ್ಸಾನಂತರದ ಜೀವನದ ಗುಣಮಟ್ಟ ಎಂದು ಕರೆಯುತ್ತದೆ. ಈ ಗುಣಮಟ್ಟವು ಎಲ್ಲ ಸಮುದಾಯಗಳಲ್ಲಿ ಒಂದೇ ರೀತಿ ಇರುವುದಿಲ್ಲ. ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಈ ವ್ಯತ್ಯಾಸವನ್ನು ಮುಖ್ಯವಾಗಿ ಜನಾಂಗದ ಆಧಾರದ ಮೇಲೆ ಅಧ್ಯಯನ ಮಾಡಲಾಗಿದೆ. ಕರ್ನಾಟಕದಲ್ಲಿ ಇದೇ ಬಗೆಯ ಅಂತರವು ಆಸ್ಪತ್ರೆಗಿರುವ ದೂರ, ಹಣ, ಭಾಷೆ ಮತ್ತು ಸಂಕೋಚಗಳ ಮೂಲಕ ಕಾಣಿಸಿಕೊಳ್ಳುತ್ತದೆ. ಈ ಲೇಖನವು ಮೊದಲು ಪಾಶ್ಚಾತ್ಯ ಅಧ್ಯಯನಗಳನ್ನೂ ಆನಂತರ ಕರ್ನಾಟಕದ ಸ್ಥಿತಿಯನ್ನೂ ವಿವರಿಸುತ್ತದೆ. ಗ್ರಾಮೀಣ ಉದಾಹರಣೆಯಾಗಿ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ಹೋಬಳಿ ಮತ್ತು ಅದರ ಸುತ್ತಲಿನ ತೆಂಗಿನ ಸೀಮೆಯನ್ನು ತೆಗೆದುಕೊಳ್ಳಲಾಗಿದೆ.

ಜನಾಂಗ ಎಂಬ ಪದ

ಕನ್ನಡದಲ್ಲಿ ‘ಜನಾಂಗ’ ಎಂಬ ಪದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಗ್ರಂಥಭಾಷೆಯಲ್ಲಿ ಅದು ಮೈಬಣ್ಣ ಮತ್ತು ಮೂಲಖಂಡಗಳ ಆಧಾರದ ಮೇಲೆ ಮಾಡಿದ ಮಾನವ ವಿಭಾಗವನ್ನು ಸೂಚಿಸುತ್ತದೆ. ಆಡುಮಾತಿನಲ್ಲಿ ಜಾತಿಗೂ ‘ನಮ್ಮ ಜನಾಂಗ’ ಎನ್ನುವುದುಂಟು. ‘ಹೊಸ ಜನಾಂಗ’ ಎಂದಾಗ ತಲೆಮಾರು ಎಂಬ ಅರ್ಥ ಬರುತ್ತದೆ. ಇಲ್ಲಿ ಚರ್ಚಿಸುವ ಅಧ್ಯಯನಗಳಲ್ಲಿ ಮೊದಲನೆಯ ಅರ್ಥವೇ ಅನ್ವಯಿಸುತ್ತದೆ. ಅಮೆರಿಕದ ದಾಖಲೆಗಳಲ್ಲಿ ಬರುವ ‘ಕಪ್ಪು’, ‘ಬಿಳಿ’, ‘ಹಿಸ್ಪಾನಿಕ್’, ‘ಏಷ್ಯನ್’ ಎಂಬ ವಿಭಾಗಗಳು ಬಹುಮಟ್ಟಿಗೆ ವ್ಯಕ್ತಿಯೇ ಹೇಳಿಕೊಂಡ ಗುರುತುಗಳು. ರಕ್ತಪರೀಕ್ಷೆಯಿಂದ ನಿರ್ಧರಿಸಿದ ವಿಭಾಗಗಳಲ್ಲ. ಈ ವಿಷಯವನ್ನು ಓದುವ ವಿದ್ಯಾರ್ಥಿಗಳು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ.

ರೋಗ ಮತ್ತು ಚಿಕಿತ್ಸೆ

ಪ್ರಾಸ್ಟೇಟ್ ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರುವ ಗ್ರಂಥಿ. ವೀರ್ಯದ ದ್ರವಾಂಶದ ಒಂದು ಭಾಗ ಇಲ್ಲಿ ಉತ್ಪತ್ತಿಯಾಗುತ್ತದೆ. ನಿಮಿರುವಿಕೆಗೆ ಬೇಕಾದ ನರಗಳು ಈ ಗ್ರಂಥಿಯ ಎರಡೂ ಬದಿಗಳಿಗೆ ಅಂಟಿಕೊಂಡಂತೆ ಸಾಗುತ್ತವೆ, ಮೂತ್ರವನ್ನು ತಡೆಹಿಡಿಯುವ ಸ್ನಾಯು ಕೆಳಗಿದೆ, ಗುದನಾಳ ಹಿಂಬದಿಯಲ್ಲಿದೆ. ಗ್ರಂಥಿಗೆ ಮಾಡುವ ಯಾವುದೇ ಚಿಕಿತ್ಸೆ ಈ ಮೂರರಲ್ಲಿ ಒಂದನ್ನಾದರೂ ತಾಗುವ ಸಂಭವವಿರುವುದು ಈ ಇಕ್ಕಟ್ಟಾದ ರಚನೆಯಿಂದಾಗಿ. ವಯಸ್ಸಾದಂತೆ ಗ್ರಂಥಿ ದಪ್ಪವಾಗಿ ಮೂತ್ರಕ್ಕೆ ಅಡಚಣೆಯಾಗುವುದು ಬೇರೆಯೇ ತೊಂದರೆ. ಅದು ಕ್ಯಾನ್ಸರ್ ಅಲ್ಲ, ಮತ್ತು ಕ್ಯಾನ್ಸರಿಗಿಂತ ಬಹಳ ಸಾಮಾನ್ಯ.

ರೋಗವು ಗ್ರಂಥಿಯೊಳಗೇ ಇದ್ದಾಗ ಮೂರು ದಾರಿಗಳಿವೆ: ಪಿಎಸ್‌ಎ ಎಂಬ ರಕ್ತಪರೀಕ್ಷೆ ಮುಂತಾದವುಗಳಿಂದ ನಿಗಾ ಇಟ್ಟು ಕಾಯುವುದು, ಶಸ್ತ್ರಕ್ರಿಯೆಯಿಂದ ಗ್ರಂಥಿಯನ್ನು ತೆಗೆಯುವುದು, ಅಥವಾ ವಿಕಿರಣ ಚಿಕಿತ್ಸೆ. ಈ ಕೊನೆಯದನ್ನು ನಮ್ಮ ಕಡೆ ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ನರಗಳನ್ನು ಉಳಿಸುವ ಶಸ್ತ್ರಕ್ರಿಯೆಯನ್ನು ಅಮೆರಿಕದ ಪ್ಯಾಟ್ರಿಕ್ ವಾಲ್ಶ್ ಅವರು 1982ರಲ್ಲಿ ಮೊದಲು ಮಾಡಿದರು.

ರೋಗವು ಮೂಳೆಗಳಿಗೆ ಹರಡಿದ ಮೇಲೆ ಪುರುಷ ಹಾರ್ಮೋನಾದ ಟೆಸ್ಟೊಸ್ಟೆರೋನನ್ನು ತಗ್ಗಿಸುವುದು ಮುಖ್ಯ ಚಿಕಿತ್ಸೆ. ಇದರ ತಳಹದಿಯನ್ನು ಚಾರ್ಲ್ಸ್ ಹಗ್ಗಿನ್ಸ್ ಅವರು 1941ರಲ್ಲಿ ಹಾಕಿದರು. 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಹಾರ್ಮೋನನ್ನು ತಗ್ಗಿಸಲು ಒಂದೇ ಸಲದ ಚಿಕ್ಕ ಶಸ್ತ್ರಕ್ರಿಯೆಯಿಂದ ವೃಷಣಗಳನ್ನು ತೆಗೆಯಬಹುದು, ಇಲ್ಲವೇ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದು ಕೊಡುತ್ತ ಹೋಗಬಹುದು. ಎರಡರಿಂದಲೂ ಮೈ ಬಿಸಿಯೇರಿ ಬೆವರುವುದು, ಆಯಾಸ, ಸ್ನಾಯು ಕರಗುವುದು, ಮೂಳೆ ಸವೆಯುವುದು, ಲೈಂಗಿಕ ಆಸಕ್ತಿ ಕುಗ್ಗುವುದು ಮುಂತಾದ ಪರಿಣಾಮಗಳು ಉಂಟಾಗುತ್ತವೆ.

ಗುಣಮಟ್ಟವನ್ನು ಅಳೆಯುವ ಬಗೆ

ಜೀವನದ ಗುಣಮಟ್ಟವನ್ನು ರೋಗಿಯೇ ಉತ್ತರಿಸುವ ಪ್ರಶ್ನಾವಳಿಗಳಿಂದ ಅಳೆಯುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಎಪಿಕ್-26 ಎಂಬುದರಲ್ಲಿ 26 ಪ್ರಶ್ನೆಗಳಿವೆ. ಮೂತ್ರ ಸೋರಿಕೆ, ಮೂತ್ರದ ಉರಿ ಮತ್ತು ಅಡಚಣೆ, ಮಲವಿಸರ್ಜನೆ, ಲೈಂಗಿಕತೆ, ಹಾರ್ಮೋನ್ ಪರಿಣಾಮ ಎಂಬ ಐದು ಕ್ಷೇತ್ರಗಳಿಗೆ ಪ್ರತ್ಯೇಕವಾಗಿ 0ಯಿಂದ 100ರವರೆಗೆ ಅಂಕ ದೊರೆಯುತ್ತದೆ. ‘ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತದೆ’ ಎಂಬುದು ಒಂದು ಬಗೆಯ ಪ್ರಶ್ನೆ. ‘ಅದರಿಂದ ನಿಮಗೆಷ್ಟು ತೊಂದರೆ’ ಎಂಬುದು ಇನ್ನೊಂದು ಬಗೆ. ಮೊದಲನೆಯದು ಅಂಗದ ಕಾರ್ಯವನ್ನೂ ಎರಡನೆಯದು ಬಾಧೆಯನ್ನೂ ತಿಳಿಸುತ್ತದೆ. ಒಂದೇ ಪ್ರಮಾಣದ ಸೋರಿಕೆಯು ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವವನಿಗೆ ಕೊಡುವ ಬಾಧೆಯೇ ಬೇರೆ, ತಲೆಯ ಮೇಲೆ ಮೂಟೆ ಹೊರುವವನಿಗೆ ಕೊಡುವ ಬಾಧೆಯೇ ಬೇರೆ.

ಈ ಕ್ಷೇತ್ರದ ಬಹು ಉಲ್ಲೇಖಿತ ಅಧ್ಯಯನ ಬ್ರಿಟನ್ನಿನ ಪ್ರೊಟೆಕ್ಟ್ ಪ್ರಯೋಗ. ರೋಗ ಗ್ರಂಥಿಯೊಳಗೇ ಇದ್ದ 1,643 ಪುರುಷರನ್ನು ನಿಗಾ, ಶಸ್ತ್ರಕ್ರಿಯೆ ಮತ್ತು ವಿಕಿರಣ ಎಂಬ ಮೂರು ಗುಂಪುಗಳಿಗೆ ಚೀಟಿ ಎತ್ತಿದಂತೆ ಹಂಚಲಾಗಿತ್ತು. ಸುಮಾರು 15 ವರ್ಷಗಳ ನಂತರ ಮೂರೂ ಗುಂಪುಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಶೇ. 3ರ ಆಸುಪಾಸಿನಲ್ಲಿದ್ದರು. ಬದುಕಿನ ರೀತಿಯಲ್ಲಿ ಮಾತ್ರ ಅಂತರ ದೊಡ್ಡದಿತ್ತು. ಆರು ತಿಂಗಳಾದಾಗ ಶಸ್ತ್ರಕ್ರಿಯೆಯ ಗುಂಪಿನಲ್ಲಿ ಶೇ. 46ರಷ್ಟು ಮಂದಿ ಪ್ಯಾಡ್ ಬಳಸುತ್ತಿದ್ದರು. ಆರು ವರ್ಷಗಳಾದಾಗ ಅದು ಶೇ. 17ಕ್ಕೆ ಇಳಿಯಿತು. ವಿಕಿರಣದ ಗುಂಪಿನಲ್ಲಿ ಈ ಪ್ರಮಾಣ ಶೇ. 5ನ್ನು ಮೀರಲಿಲ್ಲ. ಸಂಭೋಗಕ್ಕೆ ಸಾಕಾಗುವಷ್ಟು ನಿಮಿರುವಿಕೆ ಚಿಕಿತ್ಸೆಗೆ ಮೊದಲು ಶೇ. 67ರಷ್ಟು ಪುರುಷರಲ್ಲಿತ್ತು. ಆರು ತಿಂಗಳಲ್ಲಿ ಶಸ್ತ್ರಕ್ರಿಯೆಯ ಗುಂಪಿನಲ್ಲಿ ಶೇ. 12, ವಿಕಿರಣದ ಗುಂಪಿನಲ್ಲಿ ಶೇ. 22, ನಿಗಾದ ಗುಂಪಿನಲ್ಲಿ ಶೇ. 52 ಉಳಿಯಿತು. ಬೆಂಗಳೂರಿನಲ್ಲಾಗಲಿ ಬರ್ಮಿಂಗ್‌ಹ್ಯಾಮ್‌ನಲ್ಲಾಗಲಿ ರೋಗಿಗೆ ಮುಂದೇನಾದೀತೆಂದು ವಿವರಿಸಲು ಬಳಕೆಯಾಗುವುದು ಇಂತಹ ಅಂಕಿಗಳೇ. ಆ ಪ್ರಯೋಗದಲ್ಲಿ ಪಾಲ್ಗೊಂಡವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು ಎಂಬುದನ್ನು ಮರೆಯಬಾರದು.

ಅಮೆರಿಕ ಮತ್ತು ಬ್ರಿಟನ್ನಿನ ಅಧ್ಯಯನಗಳು

ಅಮೆರಿಕದಲ್ಲಿ ಕಪ್ಪು ಪುರುಷರಿಗೆ ಈ ಕ್ಯಾನ್ಸರ್ ಬಿಳಿಯರಿಗಿಂತ ಹೆಚ್ಚಾಗಿ ಬರುತ್ತದೆ. ಅದರಿಂದಾಗುವ ಸಾವಿನ ಪ್ರಮಾಣವು ಸುಮಾರು ಎರಡು ಪಟ್ಟು. ಇಂಗ್ಲೆಂಡಿನ 2008–2010ರ ದಾಖಲೆಗಳ ಲೆಕ್ಕಾಚಾರದಂತೆ ಜೀವಮಾನದಲ್ಲಿ ಈ ರೋಗ ಪತ್ತೆಯಾಗುವ ಸಂಭವ ಕಪ್ಪು ಪುರುಷರಲ್ಲಿ 4ಕ್ಕೆ 1, ಬಿಳಿಯರಲ್ಲಿ 8ಕ್ಕೆ 1, ಏಷ್ಯನ್ ಮೂಲದವರಲ್ಲಿ 13ಕ್ಕೆ 1. ಇದೇ ಅಧ್ಯಯನದ ಇನ್ನೊಂದು ಫಲಿತಾಂಶ ಹೆಚ್ಚು ಗಮನಾರ್ಹ: ರೋಗ ಪತ್ತೆಯಾದವರಲ್ಲಿ ಅದರಿಂದಲೇ ಸಾಯುವವರು ಯಾವ ಜನಾಂಗದಲ್ಲಾದರೂ ಸುಮಾರು ಮೂರನೆಯ ಒಂದು ಭಾಗ. ರೋಗ ಬರುವ ಸಂಭವದಲ್ಲಿ ಜನಾಂಗಕ್ಕೆ ಪಾತ್ರವಿದೆ. ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಹೆಚ್ಚಾಗಿ ಕಂಡುಬರುವ ಕೆಲವು ಅನುವಂಶಿಕ ಗುರುತುಗಳು, ವಿಶೇಷವಾಗಿ 8ನೆಯ ವರ್ಣತಂತುವಿನಲ್ಲಿರುವವು, ಇದಕ್ಕೆ ಭಾಗಶಃ ಕಾರಣ. ರೋಗ ಬಂದ ಮೇಲಿನ ಕಥೆಯನ್ನು ಈ ಗುರುತುಗಳು ವಿವರಿಸುವುದಿಲ್ಲ.

ಜೀವನದ ಗುಣಮಟ್ಟದ ಅಧ್ಯಯನಗಳಲ್ಲಿ ಕಪ್ಪು ರೋಗಿಗಳ ಅಂಕಗಳು ಹಲವು ವೇಳೆ ಚಿಕಿತ್ಸೆಗೆ ಮೊದಲೇ ಕಡಿಮೆ ಇರುತ್ತವೆ. ಆದಾಯ, ಶಿಕ್ಷಣ, ವಿಮೆ ಮತ್ತು ಇತರ ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅಂತರ ಕುಗ್ಗುತ್ತದೆ. ಅಮೆರಿಕದಲ್ಲಿ ನಿವೃತ್ತ ಸೈನಿಕರಿಗೆ ಸರ್ಕಾರವೇ ನಡೆಸುವ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಸಮಾನ ಪ್ರವೇಶವಿದೆ. ಅಲ್ಲಿ ಚಿಕಿತ್ಸೆ ಪಡೆದ ಸುಮಾರು 60 ಸಾವಿರ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10 ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಕಪ್ಪು ಪುರುಷರಲ್ಲಿ ಶೇ. 4.4, ಬಿಳಿಯರಲ್ಲಿ ಶೇ. 5.1. ಬಾಗಿಲು ಎಲ್ಲರಿಗೂ ತೆರೆದಿದ್ದಲ್ಲಿ ಎರಡು ಪಟ್ಟಿನ ಅಂತರ ಕಾಣಲೇ ಇಲ್ಲ.

ಬ್ರಿಟನ್ನಿನಲ್ಲಿ 35 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಪ್ರಶ್ನಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 81ರಷ್ಟು ಮಂದಿ ತಮ್ಮ ಲೈಂಗಿಕ ಸಾಮರ್ಥ್ಯ ಕಳಪೆಯಾಗಿದೆ ಎಂದರು. ಅದನ್ನು ಸುಧಾರಿಸಲು ಯಾವುದೇ ನೆರವನ್ನು ತಮಗೆ ಸೂಚಿಸಲಿಲ್ಲವೆಂದು ಅರ್ಧಕ್ಕೂ ಹೆಚ್ಚು ಮಂದಿ ತಿಳಿಸಿದರು. ಉಚಿತ ವೈದ್ಯಕೀಯ ಸೇವೆಯುಳ್ಳ, ಇಂತಹ ವಿಷಯಗಳನ್ನು ನಮಗಿಂತ ಬಿಚ್ಚುಮಾತಿನಲ್ಲಿ ಆಡುವ ದೇಶದ ಸ್ಥಿತಿಯಿದು.

ಕರ್ನಾಟಕದಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯವು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ ಮುಂತಾದ ತಾಲ್ಲೂಕುಗಳಲ್ಲಿ ನೆಲೆಸಿದೆ. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅಮೆರಿಕದ ಅಂಕಿಗಳನ್ನು ಇವರಿಗೆ ನೇರವಾಗಿ ಅನ್ವಯಿಸುವುದು ತಪ್ಪು. ಅಮೆರಿಕದ ಕಪ್ಪು ಜನರ ಪೂರ್ವಿಕರು ಬಹುಪಾಲು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದವರು. ಸಿದ್ದಿಗಳ ಪೂರ್ವಿಕರು ಹೆಚ್ಚಾಗಿ ಪೂರ್ವ ಮತ್ತು ಆಗ್ನೇಯ ಆಫ್ರಿಕಾದವರು, ಅವರೊಡನೆ ಸ್ಥಳೀಯ ಮೂಲವೂ ಬೆರೆತಿದೆ.

ಭಾರತ ಮತ್ತು ಕರ್ನಾಟಕ

2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಜಗತ್ತಿನಲ್ಲಿ ಆ ವರ್ಷ ಸುಮಾರು 14.7 ಲಕ್ಷ ಪುರುಷರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 4 ಲಕ್ಷ ಮಂದಿ ಸತ್ತರು. ಭಾರತದಲ್ಲಿ ಹೊಸ ರೋಗಿಗಳು ಸುಮಾರು 38 ಸಾವಿರ, ಸತ್ತವರು ಸುಮಾರು 18 ಸಾವಿರ. ಭಾರತೀಯರಿಗೆ ಈ ರೋಗ ಕಡಿಮೆ ಎಂಬ ಮಾತು ನಿಜ. ಆದರೆ ಪತ್ತೆಯಾದವರ ಸಂಖ್ಯೆಗೆ ಹೋಲಿಸಿದರೆ ಸಾವಿನ ಸಂಖ್ಯೆ ಜಗತ್ತಿನಲ್ಲಿ ನಾಲ್ಕನೆಯ ಒಂದು ಭಾಗದಷ್ಟಿದ್ದರೆ ಇಲ್ಲಿ ಅರ್ಧದ ಹತ್ತಿರವಿದೆ. ಗಣನೀಯ ಸಂಖ್ಯೆಯ ರೋಗಿಗಳಲ್ಲಿ ರೋಗವು ಮೂಳೆಗೆ ಇಳಿದ ಮೇಲೆಯೇ ಪತ್ತೆಯಾಗುವುದು ಇದಕ್ಕೆ ಮುಖ್ಯ ಕಾರಣ. ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಡಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿಗೆ ತಪಾಸಣೆಯಿದೆ; ಪ್ರಾಸ್ಟೇಟ್ ಅದರಲ್ಲಿ ಸೇರಿಲ್ಲ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಅದು ನಡೆಸುವ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯು 1982ರಿಂದ ಬೆಂಗಳೂರು ನಗರ ಪ್ರದೇಶದ ರೋಗಿಗಳನ್ನು ದಾಖಲಿಸುತ್ತಿದೆ. ಬೆಂಗಳೂರಿನ ಪುರುಷರಲ್ಲಿ ಪ್ರಾಸ್ಟೇಟ್ ಈಗ ಮುಂಚೂಣಿಯ ಕ್ಯಾನ್ಸರುಗಳಲ್ಲೊಂದು. ಶೆಟ್ಟಿಕೆರೆಯಂತಹ ಊರುಗಳು ಈ ನೋಂದಣಿಯ ವ್ಯಾಪ್ತಿಯಿಂದ ಹೊರಗಿವೆ. ನೋಂದಣಿಯ ವರದಿಗಳು ವಯಸ್ಸು, ಲಿಂಗ ಮತ್ತು ಅಂಗವಾರು ಅಂಕಿಗಳನ್ನು ಕೊಡುತ್ತವೆ, ಚಿಕಿತ್ಸೆಯ ನಂತರ ರೋಗಿ ಹೇಗೆ ಬಾಳಿದ ಎಂಬುದು ಅವುಗಳ ವಿಷಯವಲ್ಲ.

ತೆಂಗಿನ ಸೀಮೆಯ ಸ್ಥಿತಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಉಂಡೆಕೊಬ್ಬರಿಗೆ ಹೆಸರಾದವು. ಇಲ್ಲಿನ ಬೇಸಾಯಗಾರರು ಅರವತ್ತು ಎಪ್ಪತ್ತರ ವಯಸ್ಸಿನಲ್ಲೂ ಕಾಯಿ ಆಯುತ್ತಾರೆ, ನೆಟ್ಟ ಹಾರೆಗೆ ಕುಟ್ಟಿ ಸುಲಿಯುತ್ತಾರೆ, ಅಟ್ಟಕ್ಕೆ ಏರಿಸುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಬರುವುದೂ ಇದೇ ವಯಸ್ಸಿನಲ್ಲಿ. ಸೊಂಟನೋವು ಈ ಸೀಮೆಯಲ್ಲಿ ಕಾಯಿಲೆಯೆಂದು ಎಣಿಸುವ ಸಂಗತಿಯೇ ಅಲ್ಲ. ರಾತ್ರಿ ನಾಲ್ಕು ಸಲ ಎದ್ದು ಹೋಗುವುದನ್ನು ‘ವಯಸ್ಸಾಯಿತಲ್ಲ’ ಎಂದು ಬಿಡುತ್ತಾರೆ. ಬೆನ್ನುಮೂಳೆಗೆ ಹರಡಿದ ಕ್ಯಾನ್ಸರಿನ ಮೊದಲ ಲಕ್ಷಣವೂ ಸೊಂಟನೋವೇ ಆಗಿರಬಹುದು. ಮಲಗಿದರೂ ಕಡಿಮೆಯಾಗದ, ದಿನದಿಂದ ದಿನಕ್ಕೆ ಹೆಚ್ಚುವ ನೋವಿದ್ದರೆ ಪರೀಕ್ಷೆ ಅಗತ್ಯ. ಕಾಲಿನ ಬಲ ಕುಂದಿದರೆ, ಮೂತ್ರ ಇದ್ದಕ್ಕಿದ್ದಂತೆ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ ಅದು ಬೆನ್ನುಹುರಿ ಒತ್ತಿಹೋಗುತ್ತಿರುವ ತುರ್ತುಸ್ಥಿತಿ. ಅಂದೇ ಆಸ್ಪತ್ರೆಗೆ ಹೋಗಬೇಕು. ನಡೆಯಬಲ್ಲ ಸ್ಥಿತಿಯಲ್ಲಿ ಚಿಕಿತ್ಸೆ ಆರಂಭವಾದವರು ಮುಂದೆಯೂ ನಡೆಯುವ ಸಂಭವ ಹೆಚ್ಚು. ಕಾಲು ಬಿದ್ದುಹೋದ ಮೇಲೆ ಬಂದವರು ಹಾಸಿಗೆಯಲ್ಲೇ ಉಳಿಯುವುದೇ ಹೆಚ್ಚು. ಜೀವನದ ಗುಣಮಟ್ಟದಲ್ಲಿ ಇದಕ್ಕಿಂತ ದೊಡ್ಡ ಅಂತರ ಬೇರೊಂದಿಲ್ಲ.

ದೂರವು ಚಿಕಿತ್ಸೆಯ ಆಯ್ಕೆಯನ್ನೇ ಬದಲಿಸುತ್ತದೆ. ಶೆಟ್ಟಿಕೆರೆಯಿಂದ ಬೆಂಗಳೂರಿಗೆ ಸುಮಾರು 130 ಕಿಲೊಮೀಟರು. ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಏಳೆಂಟು ವಾರ ನಡೆಯುತ್ತಿದ್ದ ಕಾಲದಲ್ಲಿ ಅಷ್ಟು ದಿನ ತೋಟ ಬಿಟ್ಟು ನಗರದಲ್ಲಿ ಉಳಿಯುವುದು ಹಲವರಿಗೆ ಅಸಾಧ್ಯವಾಗಿತ್ತು. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಚಿಪ್ ಪ್ರಯೋಗವು 20 ದಿನಗಳ ಚಿಕಿತ್ಸೆ 37 ದಿನಗಳದ್ದಕ್ಕೆ ಕಡಿಮೆಯಿಲ್ಲವೆಂದು ತೋರಿಸಿತು. ವೈದ್ಯರಿಗೆ ಅದು ಮಾತ್ರೆ ಪ್ರಮಾಣದ ಪ್ರಶ್ನೆಯಿರಬಹುದು, ಹಳ್ಳಿಯ ರೋಗಿಗೆ ಮಾತ್ರ ಒಂದು ತಿಂಗಳ ಬಿಡುಗಡೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ರೈಲ್ವೆ ಪ್ರಯಾಣದರದಲ್ಲಿ ರಿಯಾಯಿತಿಯಿದೆ. ತಿಪಟೂರು ಬೆಂಗಳೂರು–ಅರಸೀಕೆರೆ ಮಾರ್ಗದಲ್ಲಿರುವುದರಿಂದ ಇದು ಈ ಭಾಗದವರಿಗೆ ಉಪಯುಕ್ತ.

ವೆಚ್ಚದ ವಿಷಯದಲ್ಲಿ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಭರಿಸುತ್ತದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಿಂದ ನಡೆದು, 2018ರಲ್ಲಿ ನಿಂತು, ಆನಂತರ ಮರುಜಾರಿಯಾದ ಯಶಸ್ವಿನಿ ಯೋಜನೆಯೂ ಇದೆ. ಆಸ್ಪತ್ರೆಯೊಳಗಿನ ಖರ್ಚಿಗೆ ಇವು ನೆರವಾಗುತ್ತವೆ. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಬೇಕಾಗುವ ಪ್ಯಾಡು, ಬಿಟ್ಟುಹೋದ ಕೂಲಿ, ಜೊತೆಗೆ ಬರುವ ಮಗನ ಕೆಲಸದ ನಷ್ಟ ಇವು ಮನೆಯ ಲೆಕ್ಕಕ್ಕೇ ಬರುತ್ತವೆ.

ವೃಷಣ ತೆಗೆಯುವ ಶಸ್ತ್ರಕ್ರಿಯೆಯನ್ನು ಶ್ರೀಮಂತ ದೇಶಗಳಲ್ಲಿ ಚುಚ್ಚುಮದ್ದು ಬಹುತೇಕ ಹಿಂದೆ ಸರಿಸಿದೆ. ಭಾರತದಲ್ಲಿ ಅದು ಇನ್ನೂ ಸಾಮಾನ್ಯ, ಏಕೆಂದರೆ ಖರ್ಚು ಕಡಿಮೆ ಮತ್ತು ಮತ್ತೆ ಮತ್ತೆ ಬರಬೇಕಾಗಿಲ್ಲ. ಚುಚ್ಚುಮದ್ದಿನ ಗಡುವು ಮೂರು ತಿಂಗಳದ್ದು. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿ ಕೈಗೆ ಹಣ ಬರಲು ಹೆಚ್ಚುಕಡಿಮೆ ವರ್ಷ ಬೇಕು. ಗಡುವು ತಪ್ಪಿದರೆ ಹಾರ್ಮೋನ್ ಮತ್ತೆ ಏರುತ್ತದೆ. ಆದ್ದರಿಂದ ಶಸ್ತ್ರಕ್ರಿಯೆಯನ್ನು ಸೂಚಿಸುವುದರಲ್ಲಿ ವೈದ್ಯಕೀಯ ತಪ್ಪೇನೂ ಇಲ್ಲ. ತಪ್ಪಾಗುವುದು ಅದನ್ನು ತಿಳಿಸುವ ಬಗೆಯಲ್ಲಿ. ಎತ್ತಿನ ಬೀಜ ಒಡೆಸುವುದನ್ನು ಚಿಕ್ಕಂದಿನಿಂದ ಕಂಡ ಮನುಷ್ಯನಿಗೆ ‘ಬೀಜ ತೆಗೆಯುತ್ತೇವೆ’ ಎಂಬ ಮಾತು ಏನೆಂದು ಕೇಳಿಸುತ್ತದೆ ಎಂಬುದನ್ನು ಊಹಿಸಬಹುದು. ಆ ಮಾತನ್ನು ಅವನಿಗೆ ನೇರವಾಗಿ ಹೇಳದೆ, ಮಗನಿಗೋ ಅಳಿಯನಿಗೋ ಇಂಗ್ಲಿಷ್ ಬೆರೆಸಿ ಹೇಳಿ ಸಹಿ ಹಾಕಿಸಿಕೊಂಡರೆ, ರೋಗಿಗೆ ತನಗೇನಾಯಿತೆಂಬುದು ಹೊಲಿಗೆ ಬಿಚ್ಚುವಾಗ ತಿಳಿಯುತ್ತದೆ. ಎರಡೂ ದಾರಿಗಳಿವೆ, ಎರಡರಲ್ಲೂ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ಒಂದು ಶಾಶ್ವತ ಮತ್ತು ಇನ್ನೊಂದನ್ನು ನಿಲ್ಲಿಸಬಹುದು ಎಂಬಷ್ಟನ್ನು ಕನ್ನಡದಲ್ಲಿ, ಹೆಂಡತಿಯ ಎದುರಿಗೆ, ರೋಗಿಗೇ ಹೇಳಲು ಹತ್ತು ನಿಮಿಷ ಸಾಕು. ತಮಗೆ ವಿವರ ತಿಳಿಸದೆ ಚಿಕಿತ್ಸೆ ನಡೆಯಿತು ಎನ್ನುವವರಲ್ಲಿ ಮುಂದೆ ವಿಷಾದ ಹೆಚ್ಚು ಎಂಬುದು ಪಾಶ್ಚಾತ್ಯ ಅಧ್ಯಯನಗಳಲ್ಲೂ ಮರುಕಳಿಸುವ ಅಂಶ.

ದಿನನಿತ್ಯದ ತೊಂದರೆಗಳು

ಮೂತ್ರ ಸೋರಿಕೆಯುಳ್ಳವರು ಊರಿನ ಬದುಕಿನಿಂದ ತಾವಾಗಿಯೇ ಹಿಂದೆ ಸರಿಯುತ್ತಾರೆ. ಪಂಚೆಯುಡುವವರಿಗೆ ಪ್ಯಾಡ್ ನಿಲ್ಲಲು ಒಳಗೆ ಬಿಗಿಯಾದ ಚಡ್ಡಿ ಬೇಕು. ವಾಸನೆಯ ಭಯದಿಂದ ಬಸ್ಸು, ಮದುವೆಮನೆ, ಜಾತ್ರೆಗಳನ್ನು ಬಿಡುತ್ತಾರೆ. ಮಡಿ ಹೋಗುತ್ತದೆಂದು ಕೆಲವರು ದೇವಸ್ಥಾನದ ಒಳಗೆ ಹೋಗುವುದಿಲ್ಲ. ಮುಸ್ಲಿಮರಲ್ಲಿ ನಮಾಜಿಗೆ ಮುಂಚಿನ ವುಜು ಕೆಡುವ ಚಿಂತೆಯಿರುತ್ತದೆ. ನಿರಂತರ ಸೋರಿಕೆಯುಳ್ಳವನು ಪ್ರತಿ ನಮಾಜಿನ ವೇಳೆಗೆ ಹೊಸದಾಗಿ ವುಜು ಮಾಡಿಕೊಂಡರೆ ಸಾಕೆಂದು ಇಸ್ಲಾಮಿಕ್ ಧರ್ಮಶಾಸ್ತ್ರದಲ್ಲಿ ವಿನಾಯಿತಿಯಿದೆ. ಇದನ್ನು ತಿಳಿಯದೆ ಮಸೀದಿಗೆ ಹೋಗುವುದನ್ನೇ ನಿಲ್ಲಿಸುವವರಿದ್ದಾರೆ. ಒದ್ದೆಬಟ್ಟೆ ಒಗೆಯುವ ಕೆಲಸ ಹೆಂಡತಿಯ ಪಾಲಿಗೆ ಬರುತ್ತದೆ. ಪ್ರಶ್ನಾವಳಿಗಳಲ್ಲಿ ಅವಳಿಗೆ ಪ್ರಶ್ನೆಗಳಿಲ್ಲ.

ಸೋರಿಕೆ ಬಹುಪಾಲು ಮಂದಿಯಲ್ಲಿ ಒಂದು ವರ್ಷದೊಳಗೆ ಕಡಿಮೆಯಾಗುತ್ತದೆ. ಮೂತ್ರವನ್ನು ನಡುವೆ ತಡೆಯಲು ಬಳಸುವ ಸ್ನಾಯುವನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ದಿನಕ್ಕೆ ಹಲವು ಸಲ ಮಾಡಲು ಸೂಚಿಸುತ್ತಾರೆ. ಯೋಗಾಭ್ಯಾಸದ ಮೂಲಬಂಧವನ್ನು ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಹಾರ್ಮೋನ್ ಚಿಕಿತ್ಸೆಯಲ್ಲಿರುವವರಿಗೆ ನಡಿಗೆ ಮತ್ತು ಶಕ್ತಿಗೆ ತಕ್ಕ ದೇಹಶ್ರಮ ಆಯಾಸವನ್ನು ತಗ್ಗಿಸುತ್ತದೆ. ಆದರೆ ಮೂಳೆಗೆ ರೋಗ ಹರಡಿದ್ದರೆ ಭಾರ ಎತ್ತುವುದನ್ನೂ ಮರ ಹತ್ತುವುದನ್ನೂ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು, ಏಕೆಂದರೆ ಸವೆದ ಮೂಳೆ ಸುಲಭವಾಗಿ ಮುರಿಯುತ್ತದೆ. ನಿಮಿರುವಿಕೆಯ ತೊಂದರೆಗೆ ಮಾತ್ರೆ, ಚುಚ್ಚುಮದ್ದು ಮತ್ತು ನಿರ್ವಾತ ಸಾಧನಗಳಿವೆ. ಹೃದ್ರೋಗಕ್ಕೆ ನೈಟ್ರೇಟ್ ಔಷಧ ಸೇವಿಸುವವರು ಈ ಮಾತ್ರೆಗಳನ್ನು ತೆಗೆದುಕೊಳ್ಳುವಂತಿಲ್ಲ.

ಗುಣವಾಗದ ಹಂತದಲ್ಲಿ ನೋವು ನಿವಾರಣೆಯೇ ಜೀವನದ ಗುಣಮಟ್ಟದ ಮುಖ್ಯ ಭಾಗ. ಬಾಯಿಯ ಮೂಲಕ ಕೊಡುವ ಮಾರ್ಫೀನ್ ಇದಕ್ಕೆ ಪರಿಣಾಮಕಾರಿ. 2014ರ ಕಾನೂನು ತಿದ್ದುಪಡಿಯು ಆಸ್ಪತ್ರೆಗಳು ಅದನ್ನು ಪಡೆಯುವ ವಿಧಾನವನ್ನು ಸರಳಗೊಳಿಸಿತು. ಬೆಂಗಳೂರಿನ ಕರುಣಾಶ್ರಯವು ಇಂತಹ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಆರೈಕೆ ನೀಡುವ ಸಂಸ್ಥೆ. ಒಂದೆರಡು ಮೂಳೆಗಳಲ್ಲಿ ನೋವು ತೀವ್ರವಾಗಿದ್ದರೆ ಒಂದೇ ದಿನದ ವಿಕಿರಣವೂ ಹಲವರಿಗೆ ಸಾಕಾಗುತ್ತದೆ. ಅದಕ್ಕೆ ಬೆಂಗಳೂರಿನಲ್ಲಿ ವಾರಗಟ್ಟಲೆ ಉಳಿಯಬೇಕಾಗಿಲ್ಲ.